ಕಾಕಾನ ರಿವರ್ಸ್ ಭುಜ

ನೋವಿದ್ದಲ್ಲಿ ನಗು ಇರುವುದಿಲ್ಲ ಎಂದು ನಂಬಿದವರು ಗೋಕಾಕದ ನನ್ನ ಫಿಜಿಯೋಥೆರಪಿ ಕೋಣೆಯಲ್ಲಿ ಒಂದು ಮುಂಜಾನೆ ಕುಳಿತು ನೋಡಬೇಕು. ಮೊಣಕಾಲು, ಸೊಂಟ, ಕುತ್ತಿಗೆ, ಭುಜ ಹಿಡಿದುಕೊಂಡವರು ಒಳಗೆ ಬರುವಾಗ ಅಳುಮುಖ ಮಾಡಿಕೊಂಡೇ ಬರುತ್ತಾರೆ, ಒಪ್ಪುತ್ತೇನೆ. ಆದರೆ ಬಾಯಿ ತೆರೆದರೆಂದರೆ ಏನಾದರೊಂದು ಆಗಿಯೇ ಆಗುತ್ತದೆ. ಇಷ್ಟು ವರ್ಷದಲ್ಲಿ ನಾನು ನಗದೆ ಮನೆಗೆ ಹೋದ ದಿನ ನೆನಪಿಲ್ಲ.

ನಮ್ಮ ಕಡೆ ಫಿಜಿಯೋಥೆರಪಿ ಎನ್ನುವ ಶಬ್ದ ಇನ್ನೂ ಯಾರ ನಾಲಿಗೆಗೂ ಒಗ್ಗಿಲ್ಲ. ಕೆಲವರಿಗೆ ನಾನು ಕರೆಂಟ್ ಕೊಡುವ ಡಾಕ್ಟರು, ಕೆಲವರಿಗೆ ತಿಕ್ಕುವ ಡಾಕ್ಟರು. ಹುಕ್ಕೇರಿಯಿಂದ ಬರುವ ಒಬ್ಬ ಅಜ್ಜಿ ನನ್ನನ್ನು ಬೇರೆಯವರಿಗೆ ಪರಿಚಯ ಮಾಡಿಸುವುದೇ ಹೀಗೆ: "ಈಕಿ ಗುಳಿಗಿ ಕೊಡಂಗಿಲ್ರಿ, ಬರೇ ಬೈತಾಳ." ಬೈಯುವುದು ಖರೆ. ಹೇಳಿದ ವ್ಯಾಯಾಮ ಮಾಡದೆ, ಮಾಡಿದ್ದೇನೆಂದು ನನ್ನ ಮುಖ ನೋಡಿಕೊಂಡೇ ಸುಳ್ಳು ಹೇಳುವವರನ್ನು ಬೈಯದೆ ಆರತಿ ಎತ್ತಲೇ?

ಇಲ್ಲಿ ಹೇಳುವುದೆಲ್ಲ ಒಬ್ಬರೇ ಪೇಶಂಟಿನ ಪ್ರಸಂಗಗಳು. ಮೂಡಲಗಿ ಹತ್ತಿರದ ಹಳ್ಳಿಯವರು, ವಯಸ್ಸು ಎಪ್ಪತ್ತರ ಆಸುಪಾಸು. ಇಡೀ ಊರಿಗೆ ಕಾಕಾ, ಆದ್ದರಿಂದ ನನಗೂ ಕಾಕಾ. ಅವರ ಹೆಂಡತಿ ಕಾಕು. ಕಾಕಾ ಕಬ್ಬಿನ ಟ್ರ್ಯಾಕ್ಟರ್ ಓಡಿಸಿಕೊಂಡೇ ಮುದುಕರಾದವರು. ಟ್ರ್ಯಾಕ್ಟರನ್ನು ಮುಂದಕ್ಕೆ ಯಾರು ಬೇಕಾದರೂ ಓಡಿಸುತ್ತಾರೆ. ಬೆನ್ನಿಗೆ ಎರಡು ಟ್ರೇಲರ್ ಕಟ್ಟಿಕೊಂಡು ಅದನ್ನು ಹಿಂದಕ್ಕೆ ಓಡಿಸುವುದಿದೆಯಲ್ಲ, ಅದು ವಿದ್ಯೆ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಮೊದಲ ಟ್ರೇಲರ್ ಬಲಕ್ಕೆ ಹೋಗುತ್ತದೆ, ಎರಡನೆಯದು ತನಗೆ ಮನಸ್ಸು ಬಂದ ಕಡೆ ಹೋಗುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಇದಕ್ಕೇ ಶರ್ಯತ್ತು, ಅಂದರೆ ಪಂದ್ಯ, ಇಡುತ್ತಾರೆ. ಕಬ್ಬು ಕಡಿದ ಹೊಲದಲ್ಲಿ ಸುಣ್ಣದ ಗೆರೆ ಎಳೆದಿರುತ್ತಾರೆ. ಗೆರೆ ಮುಟ್ಟದೆ ಯಾರು ಎಲ್ಲರಿಗಿಂತ ಬೇಗ ಹಿಂದಕ್ಕೆ ಹೋಗಿ ಕೊನೆ ಮುಟ್ಟುತ್ತಾರೋ ಅವರು ಗೆದ್ದಂತೆ. ಈ ರಿವರ್ಸ್ ಶರ್ಯತ್ತಿನಲ್ಲಿ ಕಾಕಾನನ್ನು ಮೀರಿಸಿದವರು ಮೂರು ತಾಲ್ಲೂಕಿನಲ್ಲಿ ಇರಲಿಲ್ಲ.

ಆಮೇಲೆ ಟ್ರೇಲರ್ ಮೇಲಿಂದ ಬಿದ್ದರು. ಬಲಭುಜದ ಸ್ನಾಯು ಹರಿಯಿತು. ಇವತ್ತು ತೋರಿಸೋಣ, ನಾಳೆ ತೋರಿಸೋಣ ಎನ್ನುತ್ತ ವರ್ಷಗಟ್ಟಲೆ ಕಳೆದು, ಒಳಗಿನ ಕೀಲೇ ಸವೆದು ಹೋಯಿತು. ಕೈ ಎದೆಮಟ್ಟಕ್ಕೂ ಏಳದಾಯಿತು. ಕೊನೆಯ ಸಲ ಶರ್ಯತ್ತಿಗೆ ಇಳಿದಾಗ ನಡುದಾರಿಯಲ್ಲೇ ಕೈ ಸೋತು, ಟ್ರೇಲರ್ ಗೆರೆ ದಾಟಿ ಜನರಿಗೆ ಕುಡಿಯಲು ಇಟ್ಟಿದ್ದ ನೀರಿನ ಡ್ರಮ್ಮಿಗೆ ಗುದ್ದಿ ನಿಂತಿತಂತೆ. ಆವತ್ತಿನಿಂದ ಕಾಕಾ ಶರ್ಯತ್ತು ನೋಡಲಿಕ್ಕೂ ಹೋಗಿರಲಿಲ್ಲ. ನನ್ನೆದುರು ಕುಳಿತು ಮೊದಲು ಕೇಳಿದ ಮಾತೇ ಇದು: "ನೋವ ಇರ್ಲಿ ಬಿಡ್ರಿ ಡಾಕ್ಟರವ್ವಾ. ಎಷ್ಟೋ ವರ್ಸಾತು, ಅದರ ಜೋಡೀನ ಬಾಳೇ ಮಾಡಾಕತ್ತೇನಿ. ಮತ್ತ ಸ್ಟೇರಿಂಗ್ ಹಿಡಿಯಾಕ ಬರ್ತೈತೋ ಇಲ್ಲೋ, ಅಷ್ಟ ಹೇಳ್ರಿ."

ಬಾಜೂ ಕುಳಿತಿದ್ದ ಕಾಕು ಕೇಳಿದರು: "ಅದರ ಜೋಡಿ ಬಾಳೇ ಮಾಡಿದ್ರ, ಇಷ್ಟ ದಿನಾ ರೊಟ್ಟಿ ಬಡದ ಹಾಕಿದಾಕಿ ಯಾರು?"

ಮನಿಅಳಿಯ

ಸವೆದ ಕೀಲಿಗೆ ನನ್ನ ವ್ಯಾಯಾಮ ಏನು ಮಾಡೀತು? ಬೆಳಗಾವಿಯ ಎಲುಬಿನ ಸರ್ಜನ್ ಹತ್ತಿರ ಕಳಿಸಿದೆ. ಅವರು ಎಕ್ಸ್-ರೇ ನೋಡಿ, ಭುಜದ ಕೀಲು ಬದಲಿಸಬೇಕು, ನಿಮಗೆ ರಿವರ್ಸ್ ಹಾಕುತ್ತೇವೆ ಎಂದರಂತೆ.

ಕಾಕಾ ಮರುದಿನವೇ ನನ್ನ ಹತ್ತಿರ ಬಂದರು. ಮುಖ ಅರಳಿತ್ತು.

"ಆ ಡಾಕ್ಟರ ಬಾಳ ಶಾಣ್ಯಾ ಅದಾನ್ರಿ. ನಾ ಟ್ರ್ಯಾಕ್ಟರ್ ಸುದ್ದೀನ ತಗದಿಲ್ಲ. ಮುಖಾ ನೋಡಿ ರಿವರ್ಸ್ ಡ್ರೈವರ ಅಂತ ಗುರ್ತ ಹಿಡದಬಿಟ್ಟ."

ಕಾಕುವಿನ ಮುಖ ಮಾತ್ರ ಬಾಡಿತ್ತು. ಆಕೆ ರಿವರ್ಸ್ ಎಂದರೆ ಉಲ್ಟಾ ಎಂದು ಯಾರನ್ನೋ ಕೇಳಿ ತಿಳಿದುಕೊಂಡಿದ್ದರು. "ಕೈ ಹಿಂದಮುಂದ ಮಾಡಿ ಹಚ್ತಾರಂತಲ್ರಿ. ಅಂಗೈ ಬೆನ್ನಿನ ಕಡೆ ಬರ್ತೈತಂತ. ಇವರು ಉಣ್ಣೂದ ಹೆಂಗ? ದಿನಾ ನಾ ಹಿಂದ ನಿಂತ ತುತ್ತ ಕೊಡ್ಲೇನು?" ಎಂದು ಕಣ್ಣಿಗೆ ಸೆರಗು ಹಚ್ಚಿದರು.

ನಾನು ಡಬ್ಬಿಯಿಂದ ಒಂದು ಶೇಂಗಾ ಉಂಡಿ ತೆಗೆದೆ, ಚಹಾದ ಬಸಿ ತೆಗೆದೆ. ದೇವರು ಕೊಟ್ಟ ಭುಜದಲ್ಲಿ ತೋಳಿನ ತುದಿಗೆ ಉಂಡಿ ಇರುತ್ತದೆ, ಹೆಗಲ ಎಲುಬಿಗೆ ಬಸಿ ಇರುತ್ತದೆ. ಉಂಡಿ ಬಸಿಯಲ್ಲಿ ಕುಳಿತು ತಿರುಗುತ್ತದೆ. ಅದನ್ನು ಹಿಡಿದಿಡುವ ಸ್ನಾಯು ಹರಿದು ಹೋದರೆ ಉಂಡಿ ಜಾರುತ್ತದೆ. ಅದಕ್ಕೇ ಡಾಕ್ಟರು ಅದಲುಬದಲು ಮಾಡುತ್ತಾರೆ. ಉಂಡಿ ಹೆಗಲಿಗೆ, ಬಸಿ ತೋಳಿಗೆ. ಆಗ ಭುಜದ ಮೇಲಿರುವ ದೊಡ್ಡ ಸ್ನಾಯುವೊಂದೇ ಕೈಯನ್ನು ಎತ್ತುತ್ತದೆ. ಅಂಗೈ ಇದ್ದಲ್ಲೇ ಇರುತ್ತದೆ, ಊಟಕ್ಕೇನೂ ತೊಂದರೆ ಇಲ್ಲ. ಇಷ್ಟು ಹೇಳಿ ಮುಗಿಸಿ ನೋಡಿದರೆ ಬಸಿ ಇತ್ತು, ಉಂಡಿ ಇರಲಿಲ್ಲ. ಕಾಕಾ ಬಾಯಿ ಒರೆಸಿಕೊಳ್ಳುತ್ತಿದ್ದರು.

ಕಾಕು ಖಾಲಿ ಬಸಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ಅಂದ್ರ ತೋಳಿಂದ ಹೆಗಲಿಗಿ, ಹೆಗಲಿಂದ ತೋಳಿಗಿ. ಮನಿಗೆ ಸೊಸಿ ತರೂದ ಬಿಟ್ಟ ಮನಿಅಳ್ಯಾನ್ನ ತಂದಂಗ ಆತು."

"ಹೌದ್ರಿ ಕಾಕು, ಬರೋಬ್ಬರಿ ಹಂಗ."

"ಮನಿಅಳ್ಯಾ ಬಾಳ ದಿನಾ ತಾಳ್ತಾನೇನ್ರಿ?"

ಹಾಗೆ ಕೇಳಿದವರೇ ಗಂಡನ ಕಡೆ ತಿರುಗಿ ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಕಾಕಾ ಆ ಮನೆಗೆ ಮನೆಅಳಿಯನಾಗಿ ಬಂದವರೆಂದು ನನಗೆ ಆಗಲೇ ಗೊತ್ತಾಗಿದ್ದು.

"ಹಾಕಸ್ರಿ," ಎಂದರು ಕಾಕು. "ನಮ್ಮ ಮನ್ಯಾಗೊಂದ ಹಾಕೇವಿ. ಇಷ್ಟ ವರ್ಸಾದ್ರೂ ಅಳ್ಳಾಡಿಲ್ಲ."

ಬಸ್ಸಿನಲ್ಲಿ ಕೂಸು

ಆಪರೇಶನ್ ಚೆನ್ನಾಗಿ ಆಯಿತು. ಆದರೆ ಕೆಲವು ವಾರ ಕೈಯನ್ನು ಮೈಯಿಂದ ಸ್ವಲ್ಪ ದೂರ ಇಡಬೇಕು. ಅದಕ್ಕೆಂದು ಸೊಂಟಕ್ಕೊಂದು ದಿಂಬು ಕಟ್ಟಿ, ಅದರ ಮೇಲೆ ಕೈ ಮಲಗಿಸಿ, ಕೊರಳಿಗೆ ಪಟ್ಟಿ ಹಾಕಿ ಕಳಿಸುತ್ತಾರೆ. ಕಾಕಾನಿಗೆ ನಾಚಿಕೆ. ಜನ ನೋಡುತ್ತಾರೆಂದು ಮೇಲೆ ಒಂದು ಶಾಲು ಹೊದ್ದು ಮೂಡಲಗಿಯಲ್ಲಿ ಗೋಕಾಕದ ಬಸ್ಸು ಹತ್ತುತ್ತಿದ್ದರು.

ಒಂದು ದಿನ ಬಸ್ಸು ತುಂಬಿ ತುಳುಕುತ್ತಿತ್ತಂತೆ. ಶಾಲಿನ ಕೆಳಗಿನ ಉಬ್ಬು, ಅದನ್ನು ಅವುಚಿಕೊಂಡ ಎಡಗೈ ನೋಡಿ ಒಬ್ಬ ಹೆಂಗಸು ಎದ್ದು ನಿಂತು, "ಕುಂದರ್ರಿ ಅಜ್ಜಾರ, ಕೂಸಿಗಿ ಧಕ್ಕಿ ಆಕ್ಕೇತಿ" ಎಂದಳು. ಕಾಕಾನಿಗೆ ಮುಂದಿನದು ಕೇಳಿಸಿತು, ಕೂಸು ಎಂದದ್ದು ಗದ್ದಲದಲ್ಲಿ ಕೇಳಿಸಲಿಲ್ಲ. ನನ್ನ ಭುಜಕ್ಕೆ ಧಕ್ಕೆಯಾಗುತ್ತದೆಂದು ಎಷ್ಟು ಕಾಳಜಿ ಎಂದುಕೊಂಡು ಕುಳಿತರು. ಆಮೇಲೆ ಆ ಹೆಂಗಸು ಬಾಜೂ ನಿಂತುಕೊಂಡೇ ಮಾತಿಗಿಳಿದಳು.

"ಎಷ್ಟ ದಿನದ್ದರಿ?"

"ಮೂರ ವಾರ ಆಗಾಕ ಬಂತ ನೋಡವಾ."

"ಕಾಡಂಗಿಲ್ಲಲ್ರಿ?"

"ಹಗಲ ಹೊತ್ತು ಸುಮ್ಮನ ಇರ್ತೈತಿ. ಮಲಗಿದ ಮ್ಯಾಲ ಬಾಳ ತ್ರಾಸ ಕೊಡ್ತೈತಿ."

"ಹಾಲು ಸಾಕಾಕ್ಕಾವೇನ್ರಿ?"

"ದಿನಾ ಎರಡ ಗ್ಲಾಸ ನಾನ ಕುಡಿತೇನವಾ. ಇದಕ್ಕ ಚೊಲೋ ಅಂತ ಹೇಳ್ಯಾರ."

ಹೆಂಗಸಿಗೆ ಅಜ್ಜನ ಮೇಲೆ ಸಂಶಯ ಬಂತು. ಇಷ್ಟು ಚಿಕ್ಕ ಕೂಸನ್ನು ತಾಯಿ ಇಲ್ಲದೆ ಒಬ್ಬನೇ ಒಯ್ಯುತ್ತಿದ್ದಾನೆ, ಅದರ ಪಾಲಿನ ಹಾಲನ್ನೂ ತಾನೇ ಕುಡಿಯುತ್ತಾನಂತೆ. ಅರಭಾವಿಯಲ್ಲಿ ಕಾಲೇಜಿನ ಹುಡುಗಿಯರು ಹತ್ತಿದರು. ಅವರನ್ನೂ ಕರೆದು ಕಿವಿಯಲ್ಲಿ ಏನೋ ಹೇಳಿ, ಎಲ್ಲರೂ ಸುತ್ತುವರಿದು ನಿಂತರು. ಕೊನೆಗೆ ಆಕೆ ಧೈರ್ಯ ಮಾಡಿ, "ಕೂಸಿಗಿ ಉಸರ ಆಡಾಕರ ಬಿಡ್ರಿ" ಎಂದು ಶಾಲು ಸರಿಸಿದಳು.

ಒಳಗೆ ನೀಲಿ ದಿಂಬು. ಬಸ್ಸಿಗೆ ಬಸ್ಸೇ ನಕ್ಕಿತು. ಆಕೆ ಪಾಪ, "ಅಯ್ಯ, ತೆಲಿದಿಂಬಿಗಿ ಸೀಟ ಬಿಟ್ಟಕೊಟ್ಟೆನಲ್ಲ" ಎಂದಳೇ ಹೊರತು ಕಾಕಾನನ್ನು ಏಳಿಸಲಿಲ್ಲ. ಗೋಕಾಕದವರೆಗೂ ಭುಜದ ಕತೆಯನ್ನೆಲ್ಲ ಕೇಳಿಸಿಕೊಂಡಳಂತೆ.

ಪಟ್ಟಿ ದಿಂಬು ತೆಗೆಯುವ ದಿನ ಬಂತು. ಇನ್ನು ಮೇಲೆ ಇದು ಬೇಡ ಕಾಕಾ, ಕೈ ಸಡಿಲಾಗಿ ಬಿಡ್ರಿ ಎಂದೆ. ಕಾಕಾ ದಿಂಬನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಅದನ್ನೇ ಸವರುತ್ತ ಕುಳಿತರು.

"ಮನ್ಯಾಗ ಹಾಕ್ಕೊಳ್ಳಂಗಿಲ್ಲ ಬಿಡ್ರಿ ಡಾಕ್ಟರವ್ವಾ. ಬಸ್ಸಿನ್ಯಾಗ ಅಷ್ಟ ಇರ್ಲಿ. ಈಗೀಗ ಕೂಸ ಸೀಟ ಹಿಡ್ಯಾಕ ಕಲತೈತಿ."

ಏನೋ ಕಳೆದಿದೆ

ಪಟ್ಟಿ ತೆಗೆದ ಮೇಲೆ ಮೊದಲ ವ್ಯಾಯಾಮ ಬಹಳ ಸುಲಭದ್ದು. ಎಡಗೈಯಿಂದ ಕಟ್ಟೆಯನ್ನೋ ಮಂಚವನ್ನೋ ಹಿಡಿದು ಸೊಂಟ ಬಗ್ಗಿಸಿ ನಿಲ್ಲಬೇಕು. ಬಲಗೈಯನ್ನು ಜೋತುಬಿಟ್ಟು, ಸಣ್ಣಗೆ ದುಂಡಗೆ ತಿರುಗಿಸಬೇಕು. ಮೈ ಬಿಗಿ ಹಿಡಿಯಬಾರದು, ಮಾತಾಡುತ್ತ ಮಾಡಬಾರದು, ಗಮನ ಪೂರ್ತಿ ಕೈಯ ಮೇಲಿರಬೇಕು ಎಂದು ಬೈದೇ ಹೇಳಿದ್ದೆ. ಕಾಕಾ ಅಕ್ಷರಶಃ ಪಾಲಿಸಿದರು.

ಮುಂಜಾನೆ ಮನೆಯ ಮುಂದಿನ ಅಂಗಳದಲ್ಲಿ ಬಗ್ಗಿ ನಿಂತು, ನೆಲವನ್ನೇ ನೋಡುತ್ತ ಕೈಯಾಡಿಸುತ್ತಿದ್ದಾರೆ. ಎದುರುಮನೆಯವನು ಬಂದು, "ಏನ ಕಳಕೊಂಡೀರಿ ಕಾಕಾ?" ಎಂದ. ಉತ್ತರವಿಲ್ಲ. ಮತ್ತೊಮ್ಮೆ ಕೇಳಿದ. ಕಾಕಾ ತುಟಿ ಪಿಟಕ್ಕೆನ್ನಲಿಲ್ಲ. ಇಷ್ಟು ಮಾತಿನ ಮನುಷ್ಯ ಮಾತೇ ಆಡುತ್ತಿಲ್ಲವೆಂದರೆ ಕಳೆದದ್ದು ಬಂಗಾರವೇ ಇರಬೇಕೆಂದು ಅವನೂ ಬಗ್ಗಿ ಹುಡುಕತೊಡಗಿದ.

ಹಾಲು ಹಾಕಿ ಹೊರಟವನೊಬ್ಬ ಸೈಕಲ್ ನಿಲ್ಲಿಸಿ ಸೇರಿಕೊಂಡ. ನೀರಿಗೆ ಹೊರಟ ಇಬ್ಬರು ಹೆಂಗಸರು ಕೊಡ ಇಳಿಸಿದರು. ಓಣಿಯ ಹಿರಿಯರೊಬ್ಬರು ಬಗ್ಗಲಾಗದೆ ನಿಂತಲ್ಲೇ ಕೋಲಿನಿಂದ ಕಸ ಕೆದಕಿದರು. ಒಬ್ಬಾಕೆ ಮನೆಯಿಂದ ಸಾಣಿಗೆ ತಂದು ಮಣ್ಣು ಸೋಸುತ್ತ ಕುಳಿತಳು. ಏನು ಕಳೆದಿದೆ ಎಂದು ಯಾರಿಗೂ ಗೊತ್ತಿಲ್ಲ. ಆದರೆ ಮೊದಲು ಬಂದವನಿಗೆ ಗೊತ್ತಿರುತ್ತದೆಂದು ಎಲ್ಲರ ನಂಬಿಕೆ.

ಕಾಕಾ ವ್ಯಾಯಾಮ ಮುಗಿಸಿ, ಸೊಂಟ ಹಿಡಿದು ಎದ್ದು ನಿಂತು ನೋಡಿದರೆ ಅರ್ಧ ಓಣಿ ಅಂಗಳದಲ್ಲಿ ಬಗ್ಗಿದೆ. ಕಾಕಾನಿಗೆ ಆಶ್ಚರ್ಯ. "ಯಾಕ್ರೋ, ನಿಮ್ಮೆಲ್ಲಾರದೂ ಭುಜಾ ಹೋಗ್ಯಾವೇನು?"

ಎಲ್ಲರೂ ಬೈದುಕೊಂಡು ಏಳುವಷ್ಟರಲ್ಲಿ ಸಾಣಿಗೆಯವಳು ಕೂಗಿದಳು. ಮಣ್ಣಿನಲ್ಲಿ ಏನೋ ಮಿಂಚುತ್ತಿತ್ತು. ಎಂದೋ ಕಳೆದುಹೋಗಿದ್ದ ಕಾಕುವಿನ ಬಂಗಾರದ ಬೆಂಡೋಲೆ. ಅದನ್ನು ಕಾಕಾ ಮಾರಿ ಟ್ರ್ಯಾಕ್ಟರಿಗೆ ಟೈರು ಹಾಕಿಸಿದ್ದಾರೆಂದು ಕಾಕುವಿಗೆ ಇಷ್ಟು ವರ್ಷ ಗಟ್ಟಿ ಅನುಮಾನವಿತ್ತು. ಅನುಮಾನ ಒಂದೇ ಮುಂಜಾನೆಗೆ ತೊಳೆದು ಹೋಯಿತು. ಕಾಕಾ ಆವತ್ತು ಮೀಸೆ ತಿರುವಿದ್ದೇ ತಿರುವಿದ್ದು.

ನಾನು ಫೋನ್ ಮಾಡಿ ವ್ಯಾಯಾಮ ಹೇಗೆ ನಡೆದಿದೆ ಎಂದು ಕೇಳಿದರೆ ಕಾಕುವೇ ಎತ್ತಿಕೊಂಡರು. "ಬಾಳ ಚೊಲೋ ವ್ಯಾಯಾಮಾ ಕೊಟ್ಟೀರಿ ಯವ್ವಾ. ನಾಳಿಂದ ಹಿತ್ತಲದಾಗ ಮಾಡಸ್ತೇನಿ. ಅಲ್ಲೆ ನನ್ನ ಮೂಗಬಟ್ಟು ಬಿದ್ದೈತಿ."

ಗೋಡೆ ಏರುವುದು

ಮುಂದಿನ ವ್ಯಾಯಾಮಕ್ಕೆ ನಾವು ಗೋಡೆ ಏರುವುದು ಎನ್ನುತ್ತೇವೆ. ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಇರುವೆ ನಡೆದಂತೆ ನಡೆಸುತ್ತ ಕೈಯನ್ನು ಮೇಲಕ್ಕೆ ಒಯ್ಯಬೇಕು. ಆ ವಾರ ಕಾಕಾ ಗೋಕಾಕಕ್ಕೆ ಬರಲಾಗಲಿಲ್ಲ. ಫೋನಿನಲ್ಲೇ ಕಾಕುವಿಗೆ ಹೇಳಿದೆ: "ಬಟ್ಟಲೆ ಗ್ವಾಡಿ ಏರಸ್ರಿ ಕಾಕು. ಮೊದಲ ಸೊಂಟದ ಮಟಾ, ಆಮ್ಯಾಲ ಎದಿ ಮಟಾ. ಗಡಿಬಿಡಿ ಬ್ಯಾಡ. ಇಳಿಯೂ ಮುಂದ ಇನ್ನೂ ಹಗೂರಕ ಇಳೀಲಿ." ಬೆರಳಿಗೆ ನಮ್ಮಲ್ಲಿ ಬಟ್ಟು ಎನ್ನುತ್ತಾರೆ. ಬಟ್ಟಲೆ ಎಂದರೆ ಬೆರಳಿನಿಂದ. ಆ ಒಂದು ಶಬ್ದವನ್ನೇ ನೆಟ್‌ವರ್ಕ್ ನುಂಗಿತ್ತು.

ಸಂಜೆ ಕಾಕುವಿನ ಫೋನ್ ಬಂತು. "ಗ್ವಾಡಿ ಏರ್ಯಾರ್ರಿ. ಈಗ ಇಳಸೂದ ಹೆಂಗ?"

ಸೊಂಟದ ಮಟ್ಟ ಎಂದಿದ್ದೆನಲ್ಲ, ಅದಕ್ಕೆ ಮೊದಲು ದನದ ಕೊಟ್ಟಿಗೆಯ ಸಣ್ಣ ಗೋಡೆ ಹತ್ತಿಸಿದ್ದಾರೆ. ಊರಿಗೆ ಬಂದಿದ್ದ ಇಬ್ಬರು ಅಳಿಯಂದಿರು ಕೆಳಗಿನಿಂದ ದಬ್ಬಿದ್ದಾರೆ. ಅದು ಸರಳವಾಯಿತೆಂದು ಎದೆಮಟ್ಟದ ಕಂಪೌಂಡಿಗೆ ಹತ್ತಿಸಿದ್ದಾರೆ. ಕಾಕಾ ಕಂಪೌಂಡ್ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದಾರೆ. ಇಷ್ಟು ಕಷ್ಟಪಟ್ಟು ಕೂಡಿಸಿದ ಕೀಲು ಈ ವಯಸ್ಸಿನಲ್ಲಿ ಅಲ್ಲಿಂದ ಬಿದ್ದರೆ ಉಳಿಯುತ್ತಿರಲಿಲ್ಲ. ಹಾಸಿಗೆ ಹಾಕಿಸಿ, ಏಣಿ ಹಚ್ಚಿಸಿ, ಕೆಳಗಿಳಿಸಿದರು ಎಂದು ಕೇಳುವವರೆಗೆ ನಾನು ಫೋನ್ ಇಡಲಿಲ್ಲ. ಆಮೇಲೆ ಕಾಕಾನ ಕೈಗೆ ಫೋನ್ ಕೊಡಿಸಿ ಮನಸಾರೆ ಬೈದೆ.

"ಹೇಳಿದ್ದ ಮಾಡಿದ್ರೂ ಬೈತೀರಿ, ಮಾಡದಿದ್ರೂ ಬೈತೀರಿ," ಎಂದರು ಕಾಕಾ. "ಗುಳಿಗಿ ಕೊಟ್ಟಿದ್ರ ಕಿಸೇದಾಗ ಇಟ್ಟ ನುಂಗೇನಿ ಅಂತಿದ್ದೆ. ಗ್ವಾಡಿನ ಎಲ್ಲಿ ಮುಚ್ಚಿಡ್ಲಿ?"

ಹಿಂದಕ್ಕೆ ಹೋಗದ ಕೈ

ಬೆರಳಿನಿಂದಲೇ ಗೋಡೆ ಏರುವುದು ಆಮೇಲೆ ಸರಿಯಾಗಿ ನಡೆಯಿತು. ಕಾಕು ಪ್ರತಿ ವಾರ ಕೈ ಮುಟ್ಟಿದ ಎತ್ತರಕ್ಕೆ ಗೋಡೆಯ ಮೇಲೆ ಇದ್ದಿಲಿನ ಗೀಟು ಹಾಕುತ್ತಿದ್ದರು. ಒಂದು ದಿನ ನನ್ನ ಕೋಣೆಯಲ್ಲಿ ಕುಳಿತವರು ಮಾತಾಡುತ್ತ ಮಾತಾಡುತ್ತ ಬಲಗೈ ಎತ್ತಿ ತಮ್ಮ ಟೋಪಿ ಸರಿಮಾಡಿಕೊಂಡರು. ಅವರಿಗೆ ಗೊತ್ತೇ ಆಗಲಿಲ್ಲ. ನನಗೂ ಕಾಕುವಿಗೂ ಗೊತ್ತಾಯಿತು. ಎಷ್ಟೋ ವರ್ಷ ಆ ಟೋಪಿಯನ್ನು ದಿನಾ ತಲೆಗೆ ಇಟ್ಟವರು ಕಾಕು. ಆಕೆ ಬಾಯಿ ಮುಚ್ಚಿಕೊಂಡು ಅತ್ತರು. ನಾನೂ ಸುಮ್ಮನೆ ಮಶೀನಿನ ವೈರು ಹುಡುಕುವವಳಂತೆ ಆ ಕಡೆ ತಿರುಗಿದೆ. ಈ ಕೆಲಸದಲ್ಲಿ ಫೀಸಿಗಿಂತ ದೊಡ್ಡದು ಅಂತ ಏನಾದರೂ ಇದ್ದರೆ ಅದು ಇಂಥ ಗಳಿಗೆಯೇ.

ಆದರೆ ಈ ಬಗೆಯ ಕೀಲಿಗೆ ಒಂದು ಮಿತಿ ಇದೆ. ಕೈ ಮೇಲೆ ಹೋಗುತ್ತದೆ, ಮುಂದೆ ಹೋಗುತ್ತದೆ. ಬೆನ್ನ ಹಿಂದೆ ಹೋಗುವುದು ಬಹಳ ಜನರಿಗೆ ಕಷ್ಟ. ಕಾಕಾ ಧೋತರ ಉಡುವವರು. ಕಚ್ಚೆಯನ್ನು ಹಿಂದೆ ಸಿಗಿಸಬೇಕಾದರೆ ಬಲಗೈ ಸೊಂಟದ ಬಾಜೂ ಬಂದು ನಿಂತುಬಿಡುತ್ತಿತ್ತು. ಎಡಗೈಗೆ ಆ ಕೆಲಸ ರೂಢಿಯಿಲ್ಲ, ಸಿಗಿಸಿದ್ದು ಹತ್ತು ಹೆಜ್ಜೆಗೆ ಬಿಚ್ಚುತ್ತಿತ್ತು. ಹಾಗಾಗಿ ದಿನಾ ಕಾಕು ಹಿಂದೆ ನಿಂತು ಸಿಗಿಸಬೇಕಾಗಿತ್ತು.

"ಟೋಪಿಗಿ ರಜಾ ಸಿಕ್ಕಿತು ಅಂದ್ರ ಕಚ್ಚಿಗೆ ಡ್ಯೂಟಿ ಹಚ್ಚಿದ್ರಿ," ಎಂದು ಕಾಕು ನನ್ನ ಮೇಲೆ ಬೇಸರ ಮಾಡಿಕೊಂಡರು. ಪ್ಯಾಂಟ್ ಹಾಕ್ಕೊಳ್ಳಿರಿ ಎಂದರೆ ಕಾಕಾ ಒಪ್ಪಲಿಲ್ಲ.

ಬೆಳಗಾವಿಯ ಸರ್ಜನ್ ಕೊನೆಗೆ ಅಪ್ಪಣೆ ಕೊಟ್ಟರು. ಪವರ್ ಸ್ಟೇರಿಂಗ್ ಇರುವ ಟ್ರ್ಯಾಕ್ಟರ್ ಓಡಿಸಬಹುದು. ಹತ್ತುವಾಗ ಎಡಗೈಯಿಂದ ಹಿಡಿದು ಹತ್ತಬೇಕು, ಭಾರ ಎತ್ತಬಾರದು. ನನಗೆ ಸಂತೋಷ. ಕಾಕಾ ಮಾತ್ರ ತಮ್ಮ ಭುಜವನ್ನೇ ಸಂಶಯದಿಂದ ನೋಡುತ್ತಿದ್ದರು.

"ಅಲ್ರಿ ಡಾಕ್ಟರವ್ವಾ, ಇದೆಂಥಾ ಗಾಡಿ ಹಾಕಿದ್ರಿ? ಹೆಸರ ರಿವರ್ಸ್. ಹಿಂದಕ್ಕ ಅಷ್ಟ ಹೋಗಂಗಿಲ್ಲ."

ಕಂಪನಿ ಫಿಟಿಂಗ್

ಕಬ್ಬಿನ ಹಂಗಾಮು ಮುಗಿದ ಮೇಲೆ ಹುಕ್ಕೇರಿ ತಾಲ್ಲೂಕಿನ ಒಂದು ಹೊಲದಲ್ಲಿ ರಿವರ್ಸ್ ಶರ್ಯತ್ತು ಇಟ್ಟರು. ಕಾಕಾ ಹೆಸರು ಕೊಟ್ಟರು. ಊರಲ್ಲಿ ಕೆಲವರು, ಈ ವಯಸ್ಸಿನಲ್ಲಿ ಯಾಕೆ ಮಾನ ಕಳೆದುಕೊಳ್ಳುತ್ತಾನೆ ಎಂದರಂತೆ. ಕಾಕು ಆ ಮಾತು ಕೇಳಿಸಿಕೊಂಡು ಬಂದು ಇಡೀ ದಿನ ಊಟ ಮಾಡಿರಲಿಲ್ಲ. ಗೆಲ್ಲದಿದ್ದರೂ ಅಡ್ಡಿಯಿಲ್ಲ, ಗೆರೆಯೊಳಗೆ ಕೊನೆ ಮುಟ್ಟಿದರೆ ಸಾಕು ಎಂದು ನನ್ನ ಹತ್ತಿರ ಹೇಳಿಕೊಂಡರು. ನಾನು ಕ್ಲಿನಿಕ್ಕಿಗೆ ಬೀಗ ಹಾಕಿ ನೋಡಲಿಕ್ಕೆ ಹೋದೆ. ಭುಜದ ಕಾಳಜಿಗೆ ಬಂದೆ ಎಂದು ಎಲ್ಲರಿಗೂ ಹೇಳಿದೆ. ಖರೆ ಹೇಳಬೇಕೆಂದರೆ ಕಾಕಾ 'ಸ್ಟೇರಿಂಗ್ ಹಿಡಿಯಾಕ ಬರ್ತೈತೋ ಇಲ್ಲೋ' ಎಂದು ಕೇಳಿದ್ದಕ್ಕೆ ನಾನಿನ್ನೂ ಉತ್ತರ ಕೊಟ್ಟಿರಲಿಲ್ಲ.

ಜನವೋ ಜನ. ಮೈಕಿನವನು ನಿಯಮ ಹೇಳಿದ: ಗಾಡಿ ಕಂಪನಿಯಿಂದ ಹೇಗೆ ಬಂದಿದೆಯೋ ಹಾಗೇ ಇರಬೇಕು, ಸ್ಟೇರಿಂಗ್, ಅಚ್ಚು ಯಾವುದನ್ನೂ ಬದಲಿಸಿರಬಾರದು, ಎಲ್ಲ ಕಂಪನಿ ಫಿಟಿಂಗ್ ಇರಬೇಕು. ಕಾಕಾ ಬಿಟ್ಟ ಮೇಲೆ ಪ್ರತಿ ವರ್ಷ ಗೆಲ್ಲುತ್ತಿದ್ದವನು ಸಂಕೇಶ್ವರ ಕಡೆಯ ಒಬ್ಬ ಡ್ರೈವರ್, ನಡುವಯಸ್ಸಿನವನು, ಗಟ್ಟಿ ಆಳು. ಅವನು ತನ್ನ ಸರದಿಯಲ್ಲಿ ಹಾವು ಬಿಲಕ್ಕೆ ಹೋದಂತೆ ಹಿಂದಕ್ಕೆ ಹೋಗಿ ಮುಟ್ಟಿದ. ಜನ ಸೀಟಿ ಹೊಡೆದರು.

ಕಡೆಯ ಸರದಿ ಕಾಕಾನದು. ಎಡಗೈಯಿಂದ ಹಿಡಿದು ಹತ್ತಿದರು. ಕುಳಿತು, ಹಿಂದೆ ತಿರುಗಿ ನೋಡಿ, ಬಲಗೈಯನ್ನು ಸ್ಟೇರಿಂಗ್ ಮೇಲಿಟ್ಟರು. ಟ್ರ್ಯಾಕ್ಟರ್ ಹೊರಟಿತು. ನಡುದಾರಿಯಲ್ಲಿ ಹಿಂದಿನ ಟ್ರೇಲರ್ ಗೆರೆಯ ಕಡೆ ವಾಲಿತು. ಕಾಕು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ನನಗೇ ಫಿಜಿಯೋಥೆರಪಿ ಬೇಕಾಗುತ್ತಿತ್ತು. ಕಾಕಾ ಗಾಡಿ ನಿಲ್ಲಿಸಲಿಲ್ಲ. ಬಲಗೈ ಸ್ಟೇರಿಂಗಿನ ತಲೆಯವರೆಗೆ ಏರಿತು, ಇಳಿಯಿತು, ಮತ್ತೆ ಏರಿತು. ಟ್ರೇಲರ್ ಮೆಲ್ಲಗೆ ನೆಟ್ಟಗಾಯಿತು. ಆಮೇಲೆ ಎರಡೂ ಟ್ರೇಲರ್ ಒಂದು ದಾರದಲ್ಲಿ ಪೋಣಿಸಿದಂತೆ ಕೊನೆಗೆ ಹೋಗಿ ನಿಂತವು. ಗೆರೆ ಎಲ್ಲೂ ಅಳಿಸಿರಲಿಲ್ಲ. ಸಂಕೇಶ್ವರದವನಿಗಿಂತ ಬೇಗ ಮುಟ್ಟಿದ್ದರು.

ಹೊಲ ಹಾರಿಹೋಗುವಂತೆ ಜನ ಕೂಗಿದರು. ನಾನೂ ಕೂಗಿದೆ, ಗಂಟಲು ಎರಡು ದಿನ ಕೂತಿತ್ತು.

ಗುಲಾಲು ಹಾರಿಸುವಷ್ಟರಲ್ಲಿ ಸಂಕೇಶ್ವರದವನು ಸ್ಟೇಜ್ ಹತ್ತಿ ತಕರಾರು ತೆಗೆದ.

"ಗಾಡಿ ಕಂಪನಿ ಫಿಟಿಂಗ್ ಐತಿ, ನಾ ಇಲ್ಲ ಅನ್ನಂಗಿಲ್ಲ. ಡ್ರೈವರ ಕಂಪನಿ ಫಿಟಿಂಗ್ ಇಲ್ಲ. ಅವರ ಭುಜಾ ಬೆಳಗಾವ್ಯಾಗ ಬದಲಿ ಮಾಡ್ಯಾರ. ಅದೂ ರಿವರ್ಸಿಂದನ ಬೇಕಂತ ಕೇಳಿ ಹಾಕಿಸ್ಯಾರ."

ತೀರ್ಪು ಕೊಡುವ ಪಂಚರು ಮುಖ ಮುಖ ನೋಡಿಕೊಂಡರು. ಕಾಕುವಿನ ಕಣ್ಣಲ್ಲಿ ನೀರು ನಿಂತಿತು. ಮೈಕಿನಲ್ಲಿ, "ಭುಜದ ಬಗ್ಗೆ ತಿಳದವರು ಯಾರಾರ ಇದ್ರ ಸ್ಟೇಜಿಗಿ ಬರ್ರಿ" ಎಂದು ಕೂಗಿದರು. ನಾನು ಹೋದೆ. ಹಿರಿಯ ಪಂಚರು ಹುಕ್ಕೇರಿಯ ಒಬ್ಬ ಚಾಚಾ, ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟವರು. ಅವರೇ ವಿಚಾರಣೆ ನಡೆಸಿದರು.

"ಒಳಗ ಮೋಟಾರ ಐತೇನವಾ?"

"ಇಲ್ರಿ ಚಾಚಾ."

"ಬ್ಯಾಟರಿ?"

"ಇಲ್ರಿ. ಒಂದ ಉಂಡಿ, ಒಂದ ಬಸಿ, ಅಷ್ಟ. ದೇವರು ಕೊಟ್ಟದ್ದಕ್ಕಿಂತ ತಾಕತ್ತ ಕಮ್ಮೀನ ಇರ್ತೈತಿ. ಉಳಿದದ್ದೆಲ್ಲಾ ಅವರ ದುಡಿಮಿ."

ಚಾಚಾ ಗಡ್ಡ ನೀವಿಕೊಂಡರು. ಆಮೇಲೆ ಮೈಕನ್ನು ತಾವೇ ತೆಗೆದುಕೊಂಡರು.

"ನೋಡ್ರಿಪಾ, ನನ್ನ ಬಾಯಾಗಿನ ಹಲ್ಲ ಒಂದೂ ಕಂಪನಿದಲ್ಲ. ಬಾಜೂ ಕುಂತ ಪಂಚರ ಕಣ್ಣಾಗ ಲೆನ್ಸ್ ಹಾಕ್ಯಾರ, ನಿಮ್ಮೆಲ್ಲಾರ ಗೆರಿ ನೋಡಿದ್ದು ಅದರಿಂದನ. ಆಚೀಕಡೆ ಪಂಚರ ಎರಡೂ ಮೊಣಕಾಲ ಬದಲಿ ಆಗ್ಯಾವ. ಬದಲಿ ಸಾಮಾನ ಇದ್ದವರ್ನ ಹೊರಗ ಹಾಕೂದಿದ್ರ ಮೊದಲ ಪಂಚರ ಎದ್ದ ಹೋಗಬೇಕಾಕ್ಕೇತಿ. ನಂಬರ ಒಂದ ಕಾಕಾಂದ, ಮಾತ ಮುಗೀತು."

ಗುಲಾಲು ಹಾರಿತು. ಕಾಕಾ ಸ್ಟೇಜಿನ ಮೇಲೆ ನಿಂತು ಬಲಗೈ ಎತ್ತಿ ಜನರಿಗೆ ಕೈಬೀಸಿದರು. ಕಿವಿಯ ಮಟ್ಟ ದಾಟಿ ಬೀಸಿದರು. ಕಾಕು ಕೆಳಗೆ ನಿಂತು, "ಸಾಕ ಇಳಸ್ರಿ, ಹೊಸಾದೈತಿ" ಎಂದು ಹೇಳುತ್ತಲೇ ಇದ್ದರು. ಅವರು ಕೇಳಲಿಲ್ಲ, ನಾನೂ ಆವತ್ತೊಂದು ದಿನ ಬೈಯಲಿಲ್ಲ.

ಒಂದು ವಾರ ಕಳೆದಿರಬೇಕು. ಮುಂಜಾನೆ ಕ್ಲಿನಿಕ್ ಬಾಗಿಲು ತೆಗೆದರೆ ಸಂಕೇಶ್ವರದ ಆ ಡ್ರೈವರ್ ಬೆಂಚಿನ ಮೇಲೆ ಕುಳಿತಿದ್ದ. ನನ್ನನ್ನು ಕಂಡು ಎದ್ದು ಕೈಮುಗಿದ. ಜಗಳಕ್ಕೆ ಬಂದನೇನೋ ಎಂದು ನಾನು ಗಟ್ಟಿಮುಖ ಮಾಡಿದೆ. ಅವನು ಅಂಗಿ ಬಿಚ್ಚಿ ಸ್ಟೂಲಿನ ಮೇಲೆ ಕುಳಿತ.

"ಭುಜಾ ತಪಾಸ ಮಾಡ್ರಿ ಮೇಡಮ್," ಎಂದ.

ಮಾಡಿದೆ. ಎತ್ತಿಸಿದೆ, ತಿರುಗಿಸಿದೆ, ಒತ್ತಿ ನೋಡಿದೆ, ಬೆನ್ನ ಹಿಂದೆ ಒಯ್ಯಿಸಿದೆ. ಎರಡೂ ಕೈ ಎಣ್ಣೆ ಹಾಕಿದ ಬಾಗಿಲಿನ ಹಾಗೆ ಆಡುತ್ತಿದ್ದವು. ಇಂಥ ಭುಜ ನನ್ನ ಕೋಣೆಗೆ ಬರುವುದೇ ಅಪರೂಪ. ಖುಷಿಯಿಂದಲೇ ಹೇಳಿದೆ:

"ನಿಮಗೇನೂ ಆಗಿಲ್ರಿ. ಎರಡೂ ಭುಜಾ ಬೆಸ್ಟ್ ಅದಾವು. ಬದಲಿ ಮಾಡೂದ ಏನೂ ಇಲ್ಲ."

ಅವನ ಮುಖ ಇಳಿದುಹೋಯಿತು. ಮೆಲ್ಲಗೆ ಅಂಗಿ ತೊಟ್ಟುಕೊಂಡ, ಒಂದೊಂದೇ ಗುಂಡಿ ಹಾಕಿಕೊಂಡ, ಬಾಗಿಲವರೆಗೆ ಹೋಗಿ ತಿರುಗಿ ನಿಂತ.

"ಹಂಗಾರ ಬರೂ ವರ್ಸಾನೂ ನಂದ ಎರಡನೇ ನಂಬರ ಅನ್ರಿ."